ಮಂಡಿ, ಮೂಳೆ, ಮೂಳೆ ವೈದ್ಯರ ಕಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಬಹಳ ದಿನಗಳಿಂದ ಬಲ ಮಂಡಿ ನೋಯುತ್ತಿದೆ. ಎಂಆರ್‌ಐ ಮಾಡಿಸಿದಾಗ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಿದೆ ಎಂದು ವರದಿ ಬಂತು. ಒಬ್ಬ ತಜ್ಞರು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ‘ಕ್ಲೀನ್’ ಮಾಡೋಣ ಎಂದರು. ಇನ್ನೊಬ್ಬರು ಅದರಿಂದ ಪ್ರಯೋಜನವಿಲ್ಲ, ವ್ಯಾಯಾಮ ಮಾಡಿಸಿ ಎಂದರು. ಇಬ್ಬರೂ ಎಂ.ಎಸ್. ಮಾಡಿದವರೇ. ಒಂದೇ ವಿದ್ಯೆ ಕಲಿತವರಲ್ಲಿ ಇಷ್ಟು ಅಂತರವೇಕೆ?
– ಓದುಗರು, ದಾವಣಗೆರೆ

ಉತ್ತರ: ನೀವು ಬರೆದಷ್ಟರ ಮಟ್ಟಿಗೆ ಹೇಳುವುದಾದರೆ ಎರಡನೆಯವರ ಸಲಹೆಗೆ ಇಂದು ಹೆಚ್ಚು ಬಲವಾದ ಆಧಾರವಿದೆ. ಆದರೆ ಮೊದಲನೆಯವರು ಹೇಳಿದ್ದು ಅವರ ಮನಸ್ಸಿಗೆ ತೋಚಿದ ಮಾತಲ್ಲ. ಒಂದು ಕಾಲದಲ್ಲಿ ಜಗತ್ತಿನ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ನಡೆಯುತ್ತಿದ್ದ, ಕಾಲೇಜುಗಳಲ್ಲಿ ಕಲಿಸುತ್ತಿದ್ದ ಚಿಕಿತ್ಸೆಯದು.

ಸಣ್ಣ ರಂಧ್ರದಿಂದ ಕೀಲಿನೊಳಗೆ ಕ್ಯಾಮೆರಾ ಇಳಿಸುವ ಈ ವಿಧಾನ, ಅಂದರೆ ಆರ್ತ್ರೋಸ್ಕೋಪಿ, ಬಂದ ಮೇಲೆ ಸವೆದ ಮಂಡಿಯೊಳಗೆ ನೀರು ಹಾಯಿಸಿ ತೊಳೆಯುವುದು, ಹರಿದ ಅಂಚುಗಳನ್ನು ಕತ್ತರಿಸಿ ನಯಮಾಡುವುದು ಬೇಗನೆ ರೂಢಿಗೆ ಬಂತು. ರೋಗಿಗಳು ನೋವು ಇಳಿಯಿತೆನ್ನುತ್ತಿದ್ದರು, ವೈದ್ಯರೂ ಹಾಗೆಯೇ ನಂಬಿದ್ದರು. ನೋವು ಇಳಿದದ್ದು ಶಸ್ತ್ರಚಿಕಿತ್ಸೆಯಿಂದಲೋ, ಶಸ್ತ್ರಚಿಕಿತ್ಸೆಯಾಯಿತೆಂಬ ನಂಬಿಕೆಯಿಂದಲೋ, ಅಥವಾ ಅನಂತರದ ವಿಶ್ರಾಂತಿಯಿಂದಲೋ ಎಂದು ಬೇರ್ಪಡಿಸಿ ನೋಡಿದವರು ಅಮೆರಿಕದ ಹ್ಯೂಸ್ಟನ್‌ನ ವೈದ್ಯರು. ಮಂಡಿ ಸವೆತವಿದ್ದ 180 ಮಂದಿಯನ್ನು ಅವರು ಒಪ್ಪಿಗೆ ಪಡೆದು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕತ್ತರಿಸಿ ನಯಮಾಡುವ ಚಿಕಿತ್ಸೆ, ಮತ್ತೊಂದಕ್ಕೆ ಬರಿಯ ತೊಳೆಯುವಿಕೆ, ಮೂರನೆಯದಕ್ಕೆ ಚರ್ಮದ ಮೇಲೆ ಗೀರು ಹಾಕಿ ಹೊಲಿಗೆ ಹಾಕುವ ನಟನೆ ಮಾತ್ರ. 2002ರಲ್ಲಿ ಫಲಿತಾಂಶ ಪ್ರಕಟವಾದಾಗ, ಎರಡು ವರ್ಷಗಳ ಅವಧಿಯಲ್ಲಿ ಯಾವ ಹಂತದಲ್ಲೂ ನಿಜವಾದ ಚಿಕಿತ್ಸೆ ಪಡೆದವರು ನಟನೆಯ ಚಿಕಿತ್ಸೆ ಪಡೆದವರಿಗಿಂತ ಮೇಲಾಗಿರಲಿಲ್ಲ.

ಸವೆತಕ್ಕೆ ಅನ್ವಯಿಸುವುದು ಮೆನಿಸ್ಕಸ್ ಹರಿದಿರುವುದಕ್ಕೆ ಅನ್ವಯಿಸಬೇಕಿಲ್ಲ ಎಂಬ ಆಕ್ಷೇಪ ಆಗ ಎದ್ದಿತು. ಅದು ನ್ಯಾಯವಾದ ಆಕ್ಷೇಪವೂ ಆಗಿತ್ತು. ಫಿನ್ಲೆಂಡಿನ ವೈದ್ಯರು ಸವೆತವಿಲ್ಲದ, ಆದರೆ ವಯಸ್ಸಿನಿಂದಾಗಿ ಮೆನಿಸ್ಕಸ್ ಹರಿದಿದ್ದ, 35ರಿಂದ 65 ವರ್ಷದೊಳಗಿನ 146 ಮಂದಿಯಲ್ಲಿ ಅದೇ ರೀತಿಯ ಹೋಲಿಕೆ ನಡೆಸಿ 2013ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಬಳಿಕ ಎರಡೂ ಗುಂಪುಗಳ ಸ್ಥಿತಿ ಒಂದೇ ಆಗಿತ್ತು. ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಿದ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು, ವಯೋಸಹಜ ಮಂಡಿ ಬೇನೆಗೆ ಆರ್ತ್ರೋಸ್ಕೋಪಿ ಮಾಡಬಾರದೆಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸ್ಪಷ್ಟವಾಗಿ ಶಿಫಾರಸು ಮಾಡಿತು.

ಎಂಆರ್‌ಐ ವರದಿಯ ಬಗ್ಗೆಯೂ ಒಂದು ಮಾತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ ಸಾಮಾನ್ಯ ನಾಗರಿಕರ ಮಂಡಿಗಳನ್ನು ಪರೀಕ್ಷಿಸಿದಾಗ, ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ನಿಮ್ಮ ತಂದೆಯ ವರದಿಯಲ್ಲಿ ಮೆನಿಸ್ಕಸ್ ಹರಿದದ್ದು ಕಂಡಿದೆ ಎಂದ ಮಾತ್ರಕ್ಕೆ ಅವರ ನೋವಿಗೆ ಅದೇ ಕಾರಣವೆಂದು ಹೇಳಲಾಗದು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತು ಕೆಲವು ತಿಂಗಳು ಬಿಡದೆ ಮಾಡಲಿ. ತೂಕ ಹೆಚ್ಚಿದ್ದರೆ ಇಳಿಸಲಿ. ಮಂಡಿ ಮಡಿಚಿದಲ್ಲೇ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ ಮಾತ್ರ ಲೆಕ್ಕ ಬೇರೆ. ಆಟದಲ್ಲಿ ಕಾಲು ತಿರುಚಿ ಮೆನಿಸ್ಕಸ್ ಹರಿದುಕೊಂಡ ಯುವಕರಿಗೂ ಮೇಲಿನ ಮಾತು ಅನ್ವಯಿಸುವುದಿಲ್ಲ. ಅಂಥ ಕೆಲವರಲ್ಲಿ ಆರ್ತ್ರೋಸ್ಕೋಪಿ ಇಂದಿಗೂ ಉಪಯುಕ್ತ ಸಾಧನ.

ಪ್ರಶ್ನೆ: ನಮ್ಮ ಮಗ ಎಂಬಿಬಿಎಸ್ ಮುಗಿಸಿ ಆರ್ಥೋಪೆಡಿಕ್ಸ್ ಪಿ.ಜಿ. ಸೇರಿದ್ದಾನೆ. ಹಬ್ಬಕ್ಕೂ ಮನೆಗೆ ಬರಲಾಗುವುದಿಲ್ಲ. ಅಲ್ಲಿ ಅವನು ಏನನ್ನು, ಹೇಗೆ ಕಲಿಯುತ್ತಾನೆ? ದೊಡ್ಡಾಸ್ಪತ್ರೆಗಳಲ್ಲಿ ಪಿ.ಜಿ.ಗಳೇ ಆಪರೇಷನ್ ಮಾಡುತ್ತಾರೆ ಎಂದು ಜನ ಆಡಿಕೊಳ್ಳುವುದು ನಿಜವೇ?
– ಓದುಗರು, ಹಾಸನ

ಉತ್ತರ: ನೀಟ್-ಪಿಜಿ ಮೂಲಕ ಸೇರಿದವರಿಗೆ ಎಂ.ಎಸ್. ಮೂರು ವರ್ಷದ ವ್ಯಾಸಂಗ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಕೂಡ ಅದಕ್ಕೆ ಸಮಾನವಾದುದೇ. ಮೊದಲ ವರ್ಷದ ಬಹುಪಾಲು ತುರ್ತು ವಿಭಾಗ ಮತ್ತು ವಾರ್ಡುಗಳಲ್ಲಿ ಕಳೆಯುತ್ತದೆ. ಅಪಘಾತದಲ್ಲಿ ಬಂದವರನ್ನು ಪರೀಕ್ಷಿಸುವುದು, ಕೀಲು ಜಾರಿದ್ದರೆ ಕೂರಿಸುವುದು, ಪ್ಲಾಸ್ಟರ್ ಹಾಕುವುದು, ಹಾಕಿದ ಪ್ಲಾಸ್ಟರ್ ಬಿಗಿಯಾಗಿ ಬೆರಳು ಕಪ್ಪಿಡುತ್ತಿದೆಯೇ ಎಂದು ರಾತ್ರಿಯೆದ್ದು ನೋಡುವುದು ಅಲ್ಲಿಯ ಕೆಲಸ. ಈ ಕೊನೆಯದನ್ನು ಹೊರಗಿನವರು ಕ್ಷುಲ್ಲಕವೆಂದುಕೊಳ್ಳಬಹುದು. ಊದಿಕೊಂಡ ಕೈಯೊಳಗೆ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸತ್ತು ಕೈ ಶಾಶ್ವತವಾಗಿ ಸೆಟೆದುಕೊಳ್ಳುತ್ತದೆಂಬುದನ್ನು ಬಲ್ಲವರು ಹಾಗೆನ್ನುವುದಿಲ್ಲ. ಬಿಗಿಯಾದ ನಾಟಿ ಕಟ್ಟು ಕಟ್ಟಿಸಿಕೊಂಡು ತಡವಾಗಿ ಬಂದ ಮಕ್ಕಳಲ್ಲಿ ಈ ಸ್ಥಿತಿಯನ್ನು ನಮ್ಮ ಆಸ್ಪತ್ರೆಗಳು ಇಂದಿಗೂ ಕಾಣುತ್ತಿವೆ.

ಎರಡನೆಯ ವರ್ಷದಿಂದ ಶಸ್ತ್ರಚಿಕಿತ್ಸೆಯಲ್ಲಿ ಸಹಾಯಕನಾಗಿ ನಿಂತು, ಸರಳ ಮುರಿತಗಳಿಂದ ಆರಂಭಿಸಿ, ರಾಡು, ಪ್ಲೇಟು ಹಾಕುವುದನ್ನು ಹಿರಿಯರ ಎದುರಿನಲ್ಲಿಯೇ ಕಲಿಯುತ್ತಾನೆ. ಮಾಡಿದ ಪ್ರತಿಯೊಂದನ್ನೂ ಲಾಗ್‌ಬುಕ್ಕಿನಲ್ಲಿ ದಾಖಲಿಸಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಾಗಿರುವುದು ಒಳ್ಳೆಯ ಏರ್ಪಾಡು. ಕಾಲೇಜಿನ ಆಸ್ಪತ್ರೆಯ ಅನುಕೂಲಗಳಿಲ್ಲದ ಕಡೆ ಯಾವುದನ್ನು ಅಲ್ಲೇ ನಿಭಾಯಿಸಬಹುದು, ಯಾವುದನ್ನು ತಡಮಾಡದೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು ಎಂಬ ವಿವೇಚನೆ ಅಲ್ಲಿಯೇ ಬೆಳೆಯುವುದು.

ಜೀವಂತ ರೋಗಿಯ ಮೇಲೆ ಕೈಯಿಡುವ ಮೊದಲು ಬೇರೆಡೆ ಅಭ್ಯಾಸ ಮಾಡಬೇಕೆಂಬ ವಿಚಾರ ಹೊಸದಲ್ಲ. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಸೇರಿ ಆರಂಭಿಸಿದ ಎ.ಒ. ಎಂಬ ಬಳಗ, ಮುರಿದ ಮೂಳೆಯನ್ನು ಲೋಹದಿಂದ ಭದ್ರಪಡಿಸಿ ಕೀಲನ್ನು ಬೇಗ ಆಡಿಸುವ ಪದ್ಧತಿಯನ್ನು ರೂಪಿಸಿತು. 1960ರಲ್ಲಿ ಡಾವೋಸ್‌ನಲ್ಲಿ ಕೈಯಾರೆ ಮಾಡಿ ಕಲಿಯುವ ಮೊದಲ ಶಿಬಿರವನ್ನೂ ನಡೆಸಿತು. ಇಂದು ಅದರ ಶಿಬಿರಗಳು ಭಾರತದಲ್ಲೂ ನಡೆಯುತ್ತವೆ; ಪ್ಲಾಸ್ಟಿಕ್ ಮೂಳೆಗಳ ಮೇಲೆ ಡ್ರಿಲ್ ಹಿಡಿಯುವುದನ್ನು, ದಾನವಾಗಿ ಬಂದ ಶವಗಳ ಮೇಲೆ ಛೇದನದ ದಾರಿಗಳನ್ನು, ಸಿಮ್ಯುಲೇಟರ್‌ಗಳಲ್ಲಿ ಆರ್ತ್ರೋಸ್ಕೋಪಿಯನ್ನು ಕಲಿಯುವ ಅವಕಾಶ ಹೆಚ್ಚುತ್ತಿದೆ. ಆದರೆ ಇವು ಎಲ್ಲ ಕಾಲೇಜುಗಳಲ್ಲೂ ಸಮನಾಗಿ ದೊರೆಯುತ್ತಿಲ್ಲ. ಶುಲ್ಕ ಕಟ್ಟಿ ಬೇರೆ ಊರಿಗೆ ಹೋಗುವ ಶಕ್ತಿಯಿದ್ದವರಿಗೆ ಹೆಚ್ಚು ಕಲಿಕೆ ಎಂಬಂತಾಗಿರುವುದು ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಕೊರತೆ.

ಇನ್ನು ಜನರ ಮಾತಿಗೆ ಬರುತ್ತೇನೆ. ಹೌದು, ಪಿ.ಜಿ.ಗಳು ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಮಾಡಲೇಬೇಕು. ಇಲ್ಲದಿದ್ದರೆ ಮುಂದಿನ ತಲೆಮಾರಿನ ತಜ್ಞರು ಬರುವುದೆಲ್ಲಿಂದ? ಪ್ರಶ್ನೆಯಿರುವುದು ಮೇಲ್ವಿಚಾರಣೆಯಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ರಾಷ್ಟ್ರೀಯ ಕೀಲು ನೋಂದಣಿಯಲ್ಲಿದ್ದ (ರೋಗಿಗಳಿಗೆ ಕೂರಿಸಿದ ಕೃತಕ ಕೀಲುಗಳ ದಾಖಲೆಯದು) ಆರು ಲಕ್ಷಕ್ಕೂ ಹೆಚ್ಚು ಸೊಂಟದ ಕೀಲು ಬದಲಾವಣೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯಲ್ಲಿರುವವರು ಕೂರಿಸಿದ ಕೀಲುಗಳೂ ಹಿರಿಯ ತಜ್ಞರು ಕೂರಿಸಿದವುಗಳಷ್ಟೇ ಬಾಳಿಕೆ ಬಂದದ್ದು ಕಂಡುಬಂತು. ಅದು ಅಲ್ಲಿನ ಮೇಲ್ವಿಚಾರಣೆಯ ಕ್ರಮದಲ್ಲಿ ಸಿಕ್ಕ ಫಲಿತಾಂಶ ಎಂಬುದನ್ನು ಮರೆಯಬಾರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಚಾಕು ಹಿಡಿಯುವವರು ಯಾರು, ಪಕ್ಕದಲ್ಲಿ ನಿಲ್ಲುವ ಹಿರಿಯರು ಯಾರು ಎಂದು ಯಾವ ರೋಗಿಯಾದರೂ ಕೇಳಬಹುದು.

ನಿಮ್ಮ ಮಗ ಮನೆಗೆ ಬರದಿರಲು ಇನ್ನೊಂದು ಕಾರಣ ಅವನ ಪ್ರಬಂಧವೂ ಇರಬಹುದು. ಎಂ.ಎಸ್. ಆಗಲಿ, ಡಿಎನ್‌ಬಿ ಆಗಲಿ, ಪ್ರಬಂಧ ಬರೆಯದೆ ಪದವಿಯಿಲ್ಲ. ಸಂಶೋಧನಾ ವಿಧಾನಗಳ ಬಗ್ಗೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕಶಾಸ್ತ್ರ ಸಂಸ್ಥೆ ನಡೆಸುವ ಆನ್‌ಲೈನ್ ಕೋರ್ಸನ್ನೂ ಆಯೋಗ ಕಡ್ಡಾಯಗೊಳಿಸಿದೆ. ಇಷ್ಟಾದರೂ ಒಂದೇ ಆಸ್ಪತ್ರೆಯ ಕೆಲವೇ ಹತ್ತು ರೋಗಿಗಳನ್ನು ಅಲ್ಪಕಾಲ ಗಮನಿಸಿ ಬರೆದ ಪ್ರಬಂಧಗಳು ಗ್ರಂಥಾಲಯದ ಕಪಾಟು ಸೇರಿ ಅಲ್ಲಿಯೇ ಉಳಿಯುವುದು ಹೆಚ್ಚು. ಹತ್ತು ಕಾಲೇಜುಗಳ ಹತ್ತು ಪಿ.ಜಿ.ಗಳು ಒಂದೇ ಪ್ರಶ್ನೆಯನ್ನು ಒಂದೇ ಕ್ರಮದಲ್ಲಿ ಹಂಚಿಕೊಂಡು ಕೆಲಸ ಮಾಡಿದರೆ ದಾವಣಗೆರೆಯ ಓದುಗರು ಕೇಳಿದಂಥ ಪ್ರಶ್ನೆಗಳಿಗೆ ನಮ್ಮ ರೋಗಿಗಳಿಂದಲೇ ಉತ್ತರ ಪಡೆಯಬಹುದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ರೋಬೋಟ್ ಬಳಸಿ ಮಂಡಿ ಬದಲಾಯಿಸಿದರೆ ಹೆಚ್ಚು ಕಾಲ ಬಾಳುತ್ತದೆಯೇ? ಖರ್ಚು ಬಹಳ ಹೆಚ್ಚು ಹೇಳುತ್ತಿದ್ದಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಮೂಳೆಯನ್ನು ಯೋಜಿಸಿದ ಕೋನದಲ್ಲಿಯೇ ಕತ್ತರಿಸಲು ರೋಬೋಟ್ ನೆರವಾಗುತ್ತದೆ ಎಂಬುದು ನಿಜ. ಆ ನಿಖರತೆಯಿಂದ ರೋಗಿಯ ನಡಿಗೆ ಸುಧಾರಿಸುತ್ತದೆ, ಕೀಲು ಹೆಚ್ಚು ಬಾಳುತ್ತದೆ ಎಂಬುದು ಅಷ್ಟು ಸ್ಪಷ್ಟವಾಗಿಲ್ಲ. ದಕ್ಷಿಣ ಕೊರಿಯಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಕನಿಷ್ಠ ಹತ್ತು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ರೋಬೋಟ್ ಬಳಸಿದ, ಬಳಸದ ಎರಡೂ ವಿಧಾನಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬಳಸಿದ್ದು ಹಳೆಯ ಪೀಳಿಗೆಯ ಯಂತ್ರವೆಂಬುದನ್ನೂ ಹೇಳಬೇಕು.

ಹೊಸತೆಂಬ ಕಾರಣಕ್ಕೇ ಒಳ್ಳೆಯದೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರವಿಲ್ಲ. ಲೋಹದ ಮೇಲೆ ಲೋಹ ಉಜ್ಜುವ ಎ.ಎಸ್.ಆರ್. ಎಂಬ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಅದು ಬೇಗ ಕೆಡುತ್ತಿದೆಯೆಂಬ ಎಚ್ಚರಿಕೆ ಬಂದದ್ದು ಆಸ್ಟ್ರೇಲಿಯಾದ ಕೀಲು ನೋಂದಣಿಯಿಂದ. ಸ್ವೀಡನ್ 1975ರಲ್ಲಿಯೇ ಮಂಡಿಗಳ ನೋಂದಣಿ ಆರಂಭಿಸಿತ್ತು. ನಮ್ಮಲ್ಲಿ ಸೊಂಟ ಮತ್ತು ಮಂಡಿ ತಜ್ಞರ ಸಂಘ ನಡೆಸುವ ನೋಂದಣಿಯಿದೆ, ಆದರೆ ಮಾಹಿತಿ ಕೊಡುವುದು ವೈದ್ಯರ ಇಚ್ಛೆಗೆ ಬಿಟ್ಟದ್ದು. 2017ರಿಂದ ಮಂಡಿ ಇಂಪ್ಲಾಂಟ್‌ಗಳಿಗೆ ಸರ್ಕಾರ ಬೆಲೆಯ ಮಿತಿ ಹಾಕಿದೆ; ರೋಬೋಟ್ ಬಳಕೆಯ ಶುಲ್ಕ ಆ ಮಿತಿಯೊಳಗೆ ಬರುವುದಿಲ್ಲ. ಒಂದೇ ಶಸ್ತ್ರಚಿಕಿತ್ಸೆಯನ್ನು ವರ್ಷವಿಡೀ ಮಾಡುವ ಅನುಭವಿ ತಜ್ಞರು ಸಿಕ್ಕರೆ ಯಂತ್ರವಿಲ್ಲವೆಂದು ಹಿಂಜರಿಯಬೇಡಿ.

ಪ್ರಶ್ನೆ: ಮೂಳೆ ಚಿಕಿತ್ಸೆಯ ಸಂಶೋಧನೆಯೆಲ್ಲ ವಿದೇಶದ್ದೇ ಏಕೆ? ನಮ್ಮವರು ಏನನ್ನೂ ಮಾಡಿಲ್ಲವೇ?
– ಓದುಗರು, ಕಲಬುರಗಿ

ಉತ್ತರ: ಮಾಡಿದ್ದಾರೆ, ಅದರಲ್ಲೂ ಕರ್ನಾಟಕದಲ್ಲಿಯೇ. ಮಕ್ಕಳಲ್ಲಿ ತೊಡೆಮೂಳೆಯ ತಲೆಗೆ ರಕ್ತದ ಪೂರೈಕೆ ನಿಂತು ಅದು ಕುಸಿಯುವ ಪರ್ಥಿಸ್ ಎಂಬ ಕಾಯಿಲೆ ನಮ್ಮ ಪಶ್ಚಿಮ ಕರಾವಳಿಯ ಹಳ್ಳಿಗಳಲ್ಲಿ ಹೆಚ್ಚಾಗಿದೆಯೆಂದು 1980ರ ದಶಕದಲ್ಲಿ ತೋರಿಸಿಕೊಟ್ಟವರು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು. ಬಳಿಕ 610 ಮಕ್ಕಳ ಎಕ್ಸ್-ರೇಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಕಾಯಿಲೆ ಯಾವ ಹಂತ ದಾಟಿದರೆ ಮೂಳೆಯ ಆಕಾರ ಕೆಡತೊಡಗುತ್ತದೆಂಬುದನ್ನು ಅವರು 2003ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಮಾಡುವುದಿದ್ದರೆ ಯಾವ ಘಟ್ಟಕ್ಕೆ ಮುಂಚೆ ಮಾಡಬೇಕೆಂದು ನಿರ್ಧರಿಸಲು ಆ ಹಂತಗಳ ವಿಂಗಡಣೆಯನ್ನು ಬೇರೆ ದೇಶಗಳ ವೈದ್ಯರೂ ಬಳಸುತ್ತಾರೆ.

ಕೊಯಮತ್ತೂರಿನ ಗಂಗಾ ಆಸ್ಪತ್ರೆಯದು ಇನ್ನೊಂದು ಉದಾಹರಣೆ. ಅಪಘಾತದಲ್ಲಿ ಚರ್ಮ ಹರಿದು ಮೂಳೆ ಹೊರಬಂದ ಕಾಲನ್ನು ಉಳಿಸಬಹುದೇ, ತೆಗೆಯಬೇಕೇ ಎಂಬುದು ರಾತ್ರಿ ಎರಡು ಗಂಟೆಗೆ ನಿರ್ಧರಿಸಬೇಕಾದ ಕಠಿಣ ಪ್ರಶ್ನೆ. ಚರ್ಮ, ಮೂಳೆ, ಸ್ನಾಯುಗಳಿಗೆ ಆದ ಗಾಯಕ್ಕೆ ಬೇರೆಬೇರೆಯಾಗಿ ಅಂಕ ಕೊಟ್ಟು ಕೂಡುವ ಕ್ರಮವೊಂದನ್ನು ಡಾ. ಎಸ್. ರಾಜಶೇಖರನ್ ಮತ್ತು ಅವರ ತಂಡ ರೂಪಿಸಿತು. ಒಟ್ಟು 14 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಉಳಿಸಲು ಯತ್ನಿಸಬೇಕು, 17 ಮತ್ತು ಮೇಲಿದ್ದರೆ ತೆಗೆಯುವುದೇ ಲೇಸು. ನಡುವಿನದಕ್ಕೆ ಅನುಭವಿಗಳ ವಿವೇಚನೆಯೇ ದಾರಿ.

ಅಂಥ ಗಾಯಗಳನ್ನು ತೊಳೆಯಲು ಸೋಪಿನ ದ್ರಾವಣ ಮೇಲೋ, ಬರಿಯ ಸಲೈನ್ ಮೇಲೋ ಎಂದು ಐದು ದೇಶಗಳ 2,500ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಆಸ್ಪತ್ರೆಗಳೂ ಭಾಗವಹಿಸಿದ್ದವು. ಸೋಪು ಬಳಸಿದವರಲ್ಲಿ ಶೇ 14.8ರಷ್ಟು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು, ಸಲೈನ್ ಬಳಸಿದವರಲ್ಲಿ ಶೇ 11.6. ನೀರನ್ನು ಒತ್ತಡದಿಂದ ಚಿಮ್ಮಿಸಿದರೂ ಮೆಲ್ಲಗೆ ಹರಿಸಿದರೂ ಫಲ ಒಂದೇ ಆಗಿತ್ತು. ಹಾಗಾಗಿ ಬೆಲೆಬಾಳುವ ಪಂಪಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಸಲೈನ್ ಬಾಟಲಿಯನ್ನು ಎತ್ತರದಲ್ಲಿ ತೂಗುಹಾಕಿ ಗಾಯವನ್ನು ಸರಿಯಾಗಿ ತೊಳೆಯಬಹುದು.

ಪ್ರಶ್ನೆ: ನಾನು ಎಂಬಿಬಿಎಸ್ ಕೊನೆಯ ವರ್ಷದ ವಿದ್ಯಾರ್ಥಿನಿ. ಆರ್ಥೋಪೆಡಿಕ್ಸ್ ಇಷ್ಟ. ತೋಳ್ಬಲ ಬೇಕು, ಹುಡುಗಿಯರಿಗಲ್ಲ ಎನ್ನುತ್ತಾರೆ.
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮಹಿಳೆಯರು ಅತಿ ಕಡಿಮೆಯಿರುವ ವಿಭಾಗಗಳಲ್ಲಿ ಇದೂ ಒಂದು ಎಂಬುದು ನಿಜ, ಆದರೆ ಅದಕ್ಕೆ ಕಾರಣ ತೋಳ್ಬಲವಲ್ಲ. ಜಾರಿದ ಕೀಲನ್ನು ಕೂರಿಸುವುದು ಸನ್ನೆಗೋಲಿನ ತತ್ವದಿಂದ ಮತ್ತು ಸ್ನಾಯುಗಳನ್ನು ಸಡಿಲಿಸುವ ಅರಿವಳಿಕೆಯಿಂದ. ಮೂಳೆ ಕೊರೆಯಲು ವಿದ್ಯುತ್ ಉಪಕರಣಗಳಿವೆ. ನೀವು ವಿಚಾರಿಸಬೇಕಾದದ್ದು ಬೇರೆ ವಿಷಯ. ಸಿ-ಆರ್ಮ್ ಎಕ್ಸ್-ರೇ ಯಂತ್ರದ ಮುಂದೆ ದಿನವೂ ನಿಲ್ಲುವವರಿಗೆ ನಿಮ್ಮ ಅಳತೆಗೆ ಹೊಂದುವ ಸೀಸದ ಏಪ್ರನ್, ಕುತ್ತಿಗೆಯ ಕವಚ, ವಿಕಿರಣ ಅಳೆಯುವ ಬ್ಯಾಡ್ಜ್ ಇವನ್ನು ಆ ಕಾಲೇಜು ಕೊಡುತ್ತದೆಯೇ, ಗರ್ಭಿಣಿಯಾದಾಗ ಕೆಲಸದ ಹಂಚಿಕೆ ಹೇಗೆ ಎಂದು ಅಲ್ಲಿ ಓದುತ್ತಿರುವವರನ್ನೇ ಕೇಳಿ. ಇಂಟರ್ನ್‌ಶಿಪ್‌ನಲ್ಲಿ ಆರ್ಥೋಪೆಡಿಕ್ಸ್ ಸರದಿ ಬಂದಾಗ ಹೊರರೋಗಿ ವಿಭಾಗಕ್ಕಷ್ಟೇ ತೃಪ್ತರಾಗದೆ, ರಾತ್ರಿ ಪಾಳಿಯನ್ನೂ ಕೇಳಿ ಪಡೆದುಕೊಳ್ಳಿ. ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸುವ ಮೊದಲು ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ಅಲ್ಲಿಯೇ ತಿಳಿಯುತ್ತದೆ.