ನಿಮ್ಮ ಚಿತ್ರ ವಾಲಿದ್ದಕ್ಕೆ ಕಾರಣ ಎರಡೇ ಎರಡು ಬೈಟ್

ಈ ಸಲವೂ ಬಿಎಂಪಿ ಅನ್ನೋ ಚಿತ್ರದ ಫೈಲಿನ ಪ್ರಶ್ನೆಗಳೇ ಜಾಸ್ತಿ. ಕಲಬುರಗಿಯಲ್ಲಿ ಸಿ ಪ್ರೋಗ್ರಾಮಿಂಗ್ ಹೇಳಿಕೊಡೋಕೆ ಶುರು ಮಾಡಿದಾಗಿನಿಂದ ಇವನ್ನೇ ಕೇಳಿಸಿಕೊಳ್ಳುತ್ತಿದ್ದೇನೆ. ಫೈಲಿನ ಶುರುವಿನಲ್ಲಿ ಚಿತ್ರದ ವಿವರ ಇರುವ 54 ಬೈಟ್‌ನ ಹೆಡರಿನಲ್ಲಿ ಏನೇನಿರುತ್ತೆ ಅನ್ನೋದನ್ನು ಮತ್ತೆ ಬರೆಯಲ್ಲ. ಅದು ಎಲ್ಲ ಕಡೆ ಸಿಗುತ್ತೆ.

ಮೇಡಂ, ನಮ್ಮಪ್ಪ ಬಿದ್ರಿ ಕೆಲಸ ಮಾಡ್ತಾರೆ. ಅವರ ಹೂಬಳ್ಳಿಯನ್ನು ಕೋಡಿನಿಂದ 24 ಬಿಟ್ ಬಿಎಂಪಿಯಾಗಿ ಬರೆದೆ. ಅಗಲ 48 ಇಟ್ಟರೆ ಸರಿ ಬರುತ್ತೆ. 50 ಇಟ್ಟರೆ ಬಳ್ಳಿ ವಾಲುತ್ತೆ, ಅಂಚಿಗೆಲ್ಲ ಬಣ್ಣ ಬರುತ್ತೆ. ಬಿಎಂಪಿಯ ಅಗಲ 4ರ ಗುಣಕವೇ ಇರಬೇಕು ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ನಿಜವಾ? (ಬೀದರ್‌ನ ವಿದ್ಯಾರ್ಥಿ)

ಸುಳ್ಳು, ತಮ್ಮಾ. ಅಗಲ 7 ಇರಲಿ, 50 ಇರಲಿ, 333 ಇರಲಿ, ನಡೆಯುತ್ತೆ. 4ರ ಗುಣಕ ಆಗಬೇಕಾದ್ದು ಫೈಲಿನಲ್ಲಿ ಒಂದು ಸಾಲು ಹಿಡಿಯುವ ಬೈಟ್‌ಗಳ ಲೆಕ್ಕ. ಆ ವಿಡಿಯೋ ಮಾಡಿದವರಿಗೆ ಕಾರಣ ಗೊತ್ತಿಲ್ಲ. ತಮ್ಮ ಚಿತ್ರ ಸರಿ ಬಂತಲ್ಲ, ಅದನ್ನೇ ನಿಯಮ ಮಾಡಿಬಿಟ್ಟರು.

ನಿನ್ನ 50 ಪಿಕ್ಸೆಲ್‌ಗೆ ತಲಾ 3 ಬೈಟ್, ಅಂದರೆ ಸಾಲಿಗೆ 150. ಅದು 4ರಿಂದ ಭಾಗವಾಗಲ್ಲ. ಹಾಗಾಗಿ ಪ್ರತಿ ಸಾಲಿನ ಕೊನೆಗೆ 2 ಸೊನ್ನೆ ಸೇರಿಸಿ 152 ಮಾಡಬೇಕು. ನೀನು ಸೇರಿಸಿಲ್ಲ. ಚಿತ್ರ ತೆರೆಯುವ ಪ್ರೋಗ್ರಾಂ ಮಾತ್ರ 152ರಂತೆಯೇ ಓದುತ್ತಾ ಹೋಗುತ್ತೆ. ಬಿಎಂಪಿಯಲ್ಲಿ ಕೆಳಗಿನ ಸಾಲೇ ಮೊದಲು, ಅದು ಸರಿ. ಅದರ ಮೇಲಿನದು 2 ಬೈಟ್ ಎಡಕ್ಕೆ, ಆಮೇಲಿನದು 4, ಆಮೇಲೆ 6. ಬಳ್ಳಿ ಹಾಗೇ ವಾಲುತ್ತಾ ಮೇಲಕ್ಕೆ ಹೋಗುತ್ತೆ. ಎಡಗಡೆ ಕಳೆದುಹೋದದ್ದು ಬಲಗಡೆ ಬಂದು ಕೂರುತ್ತೆ. ಎತ್ತರವೂ 50 ಇದ್ದರೆ ಕೊನೆಗೆ ಮೇಲಿನ ಸಾಲಿಗೆ 100 ಬೈಟ್ ಕಡಿಮೆ ಬೀಳುತ್ತೆ.

ಅಂಚಿಗೆ ಬಣ್ಣ ಯಾಕೆ? ಒಂದು ಪಿಕ್ಸೆಲ್‌ಗೆ 3 ಬೈಟ್, ನೀನು ಜಾರಿದ್ದು 2. ಹಾಗಾಗಿ ಒಂದು ಪಿಕ್ಸೆಲ್‌ನ ಕೊನೆಯ ಬೈಟ್ ಪಕ್ಕದ ಪಿಕ್ಸೆಲ್‌ನ ಮೊದಲ ಎರಡರ ಜೊತೆ ಸೇರಿಕೊಳ್ಳುತ್ತೆ. ಬರೀ ಕಪ್ಪು ಇದ್ದ ಕಡೆ ಏನೂ ಕಾಣಲ್ಲ, ಬರೀ ಬಿಳಿ ಇದ್ದ ಕಡೆಯೂ ಕಾಣಲ್ಲ. ಎರಡೂ ಕೂಡುವಲ್ಲಿ, ಅಂದರೆ ಬೆಳ್ಳಿ ತಂತಿಯ ಅಂಚಿನಲ್ಲಿ, ಕೆಂಪು, ಹಳದಿ ಏನೇನೋ ಹೊಳೆಯುತ್ತೆ. ಗಮನಿಸಿ ನೋಡು, ಪ್ರತಿ ಮೂರನೇ ಸಾಲಿಗೆ ಬಣ್ಣ ತಾನಾಗೇ ಮಾಯ. ಅಲ್ಲಿ ಜಾರಿದ ಲೆಕ್ಕ 3ಕ್ಕೆ ಸರಿಹೋಗಿರುತ್ತೆ.

48ಕ್ಕೆ ಸರಿ ಬಂದದ್ದು ನಿನ್ನ ಅದೃಷ್ಟ ಅಷ್ಟೇ. 144 ಬೈಟ್ ತಾನಾಗೇ 4ರಿಂದ ಭಾಗವಾಗುತ್ತೆ.

ಲೆಕ್ಕ ಹೀಗಿದೆ. ಅಗಲವನ್ನು 3ರಿಂದ ಗುಣಿಸು, 3 ಕೂಡಿಸು, 4ರಿಂದ ಭಾಗಿಸಿ ಶೇಷ ಬಿಟ್ಟುಬಿಡು, ಮತ್ತೆ 4ರಿಂದ ಗುಣಿಸು. ಫೈಲಿನ ಗಾತ್ರವನ್ನೂ ಇದರಿಂದಲೇ ಬರಿ. ಎತ್ತರವೂ 50 ಆದರೆ 54 + 152 × 50 = 7654. ಫೈಲನ್ನು ಹೆಕ್ಸ್‌ನಲ್ಲಿ (ಬೈಟ್‌ಗಳನ್ನು 16ರ ಸಂಖ್ಯಾಪದ್ಧತಿಯಲ್ಲಿ ತೋರಿಸುವ ಎಡಿಟರ್‌ನಲ್ಲಿ) ತೆರೆದರೆ ಮೊದಲಿಗಿರುವ ‘ಬಿಎಂ’ ಅಕ್ಷರಗಳ ಪಕ್ಕದಲ್ಲೇ ಇ6 1ಡಿ 00 00 ಅಂತ ಕಾಣಬೇಕು, ಕಡಿಮೆ ಸ್ಥಾನಬೆಲೆಯ ಬೈಟ್ ಮೊದಲು. ಡಿಸ್ಕ್‌ನಲ್ಲಿ 7554 ಬೈಟ್ ತೋರಿಸಿದರೆ ಸೊನ್ನೆಗಳು ಇನ್ನೂ ಬಿದ್ದಿಲ್ಲ ಅಂತ ಅರ್ಥ. ನನಗೆ ಬರೆಯೋ ಮುಂಚೆ ಇಷ್ಟು ನೋಡಿದ್ದರೆ ಸಾಕಿತ್ತು, ಅಲ್ವಾ?

ಅಂದಹಾಗೆ, ಬಿದ್ರಿಯ ಆ ಕಪ್ಪಿಗೆ ಬೀದರ್ ಕೋಟೆಯ ಮಣ್ಣೇ ಬೇಕು. ನಿನಗೆ ಸಾಲಿಗೆ ಎರಡು ಸೊನ್ನೆ ಸಾಕು. ಅಪ್ಪನಿಗೆ ಹೇಳಬೇಡ, ಬೈದಾರು.

ಕೆಂಪು ಬರೆದರೆ ನೀಲಿ ಬರುತ್ತೆ. (ಯಾದಗಿರಿ)

ಬಿಎಂಪಿಯ ಪ್ರತಿ ಪಿಕ್ಸೆಲ್‌ನಲ್ಲಿ ನೀಲಿ ಮೊದಲು, ಆಮೇಲೆ ಹಸಿರು, ಕೊನೆಗೆ ಕೆಂಪು.

ಚಿತ್ರ ತಲೆಕೆಳಗಾಗಿದೆ. ಹೆಡರಿನಲ್ಲಿ ಎತ್ತರವನ್ನು ಮೈನಸ್ ಮಾಡಿದರೆ ಸರಿಯಾಗುತ್ತಂತೆ? (ಶಹಾಬಾದ್)

ಆಗುತ್ತೆ. ಆದರೂ ನಾನು ಮಾಡಲ್ಲ. ಕೆಲವು ಹಳೇ ಪ್ರೋಗ್ರಾಂಗಳಿಗೆ ಅದು ಅರ್ಥವಾಗಲ್ಲ. ಕೆಳಗಿನ ಸಾಲನ್ನು ಮೊದಲು ಬರೆಯಿರಿ.

ಹೆಡರಿಗೆ ಸ್ಟ್ರಕ್ಟ್ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಸಿ ರಚನೆ) ಮಾಡಿ ಒಂದೇ ಸಲ ಬರೆದೆ. ಫೈಲ್ ತೆರೆಯೋದೇ ಇಲ್ಲ. (ಕಲಬುರಗಿ)

ಸ್ಟ್ರಕ್ಟ್‌ನ ಸೈಜ್ ಪ್ರಿಂಟ್ ಮಾಡಿ ನೋಡಿ. ಮೊದಲ ಹೆಡರ್ 14 ಬೈಟ್ ಇರಬೇಕು, ನಿಮಗೆ 16 ಬರುತ್ತೆ. ‘ಬಿಎಂ’ ಆದಮೇಲೆ ಕಂಪೈಲರ್ ಸುಮ್ನೆ ಎರಡು ಬೈಟ್ ಖಾಲಿ ಬಿಟ್ಟಿರುತ್ತೆ. ಖಾಲಿ ಬಿಡದೆ ಪ್ಯಾಕ್ ಮಾಡು ಅಂತ ಕಂಪೈಲರ್‌ಗೆ ಹೇಳಿ ತಪ್ಪಿಸಬಹುದು. ನಾನಂತೂ ಒಂದೊಂದೇ ಬೈಟ್ ಬರೆಯುವ ಸಣ್ಣ ಫಂಕ್ಷನ್ ಇಟ್ಟುಕೊಂಡಿದ್ದೇನೆ.

ವಿಂಡೋಸ್‌ನಲ್ಲಿದ್ದರೆ ಫೈಲನ್ನು ಬೈನರಿಯಾಗಿಯೇ ತೆರೆಯಿರಿ. ನಾನು ಒಮ್ಮೆ ಮರೆತು ಟೆಕ್ಸ್ಟ್ ಆಗಿ ತೆರೆದಿದ್ದೆ. 0ಯಿಂದ 255ರವರೆಗೆ ಬೂದು ಬಣ್ಣದ ಪಟ್ಟಿ ಬರೆದರೆ, 10 ಬಂದ ಕಡೆಯೆಲ್ಲ ಅದಕ್ಕಿಂತ ಮೊದಲೊಂದು 13 ಸೇರಿಕೊಂಡಿತ್ತು. ಏಪ್ರಿಲ್ ಬಿಸಿಲು, ಕರೆಂಟ್ ಬೇರೆ ಇಲ್ಲ. ಅರ್ಧ ರಾತ್ರಿ ಕಂಪೈಲರ್‌ಗೆ ಬೈದುಕೊಂಡೇ ಕೂತಿದ್ದೆ.

ಜೆಪಿಜಿ ಫೈಲಿನ ಹೆಸರಿನ ಕೊನೆಗೆ ಬಿಎಂಪಿ ಅಂತ ಬದಲಿಸಿದರೆ ಸಾಕು ಅಂತ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಯವರು ಹೇಳಿದರು.

ದುಡ್ಡು ವಾಪಸ್ ಕೇಳಿ.

ಪಿಎನ್‌ಜಿ ಇರುವಾಗ ಬಿಎಂಪಿ ಯಾಕೆ ಕಲಿಯಬೇಕು? (ಹುಮನಾಬಾದ್)

ಪಿಎನ್‌ಜಿಯಲ್ಲಿ ಪ್ರತಿ ತುಂಡಿಗೂ ಸಿಆರ್‌ಸಿ (ತಪ್ಪು ಹಿಡಿಯುವ ತಾಳೆ ಸಂಖ್ಯೆ) ಲೆಕ್ಕ ಹಾಕಬೇಕು. ಅದಕ್ಕೂ ಮುಂಚೆ ಚಿತ್ರದ ಬೈಟ್‌ಗಳನ್ನು ಝಡ್‌ಲಿಬ್ ಅನ್ನೋ ಸಂಕುಚಿತ ರೂಪಕ್ಕೆ ತರಬೇಕು. ಎರಡನ್ನೂ ಲೈಬ್ರರಿ ಇಲ್ಲದೆ ಬರೆದು ಕಳಿಸಿ. ನಿಮ್ಮ ಪ್ರಶ್ನೆಗೆ ಆಮೇಲೆ ಉತ್ತರ ಕೊಡ್ತೀನಿ.