ಡ್ರ್ಯಾಗನ್ ಗೊಂಬೆಯ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದರೆ

ಪ್ರಶ್ನೆ: ಹೆಸರೇ ಕೇಳದ ಅಗ್ಗದ ಫ್ಯಾಂಟಸಿ ಚಿತ್ರಗಳ ವಿಎಚ್‌ಎಸ್ ಕ್ಯಾಸೆಟ್ಟಿಗೆ ಸಂಗ್ರಾಹಕರು ಯಾಕೆ ಮುಗಿಬೀಳುತ್ತಾರೆ? ಚಿತ್ರಗಳೇನೂ ಚೆನ್ನಾಗಿರುವುದಿಲ್ಲವಲ್ಲ?
– ಬಸವನಗುಡಿಯ ಓದುಗರು

ಉತ್ತರ: ಬಹುತೇಕ ಚೆನ್ನಾಗಿರುವುದಿಲ್ಲ, ಒಪ್ಪಿದೆವು. 1990ರ ದಶಕದಲ್ಲಿ ಅಮೆರಿಕದಲ್ಲಿ ಚಿತ್ರಮಂದಿರದ ಮುಖ ನೋಡದೆ ನೇರ ವಿಡಿಯೊ ಬಾಡಿಗೆ ಅಂಗಡಿ ಸೇರಿದ ಮಕ್ಕಳ ಚಿತ್ರಗಳು ರಾಶಿ ರಾಶಿ. ನಿರ್ಮಾಪಕ ಚಾರ್ಲ್ಸ್ ಬ್ಯಾಂಡ್ ಇಂಥವಕ್ಕೆಂದೇ 'ಮೂನ್‌ಬೀಮ್' ಎಂಬ ಲೇಬಲ್ ಇಟ್ಟಿದ್ದರು. ಇಂಥ ಚಿತ್ರಗಳಲ್ಲಿ ಎಷ್ಟೋ ಡಿವಿಡಿಗೆ ಬರಲೇ ಇಲ್ಲ, ಹಾಗಾಗಿ ಕ್ಯಾಸೆಟ್ಟೇ ಉಳಿದಿರುವ ಪ್ರತಿ. ಇನ್ನೊಂದು ಸೆಳೆತ ಕೈಕೆಲಸ: ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫ್ರೇಮ್ ತೆಗೆದು ಅದು ಓಡಾಡುವಂತೆ ತೋರಿಸುವುದು. ಸೆಕೆಂಡಿಗೆ 24 ಫ್ರೇಮ್. ಗೊಂಬೆಯ ಒಂದು ಭಂಗಿಯನ್ನು ಎರಡು ಫ್ರೇಮಿಗೆ ಬಳಸಿದರೆ ಬರೀ 12 ಭಂಗಿ ಸಾಕು. ಕಾಸು ಉಳಿಯಿತು, ಡ್ರ್ಯಾಗನ್ ಕುಲುಕಿತು! ಆ ಕುಲುಕಾಟವೇ ರುಚಿ. ಬೆಲೆ ಮಾತ್ರ ಹೊದಿಕೆ ನೋಡಿ ಏರುತ್ತದೆ: ಪ್ಲಾಸ್ಟಿಕ್ ಡಬ್ಬಿಗೆ ಹಿಡಿಸಲೆಂದು ರಟ್ಟಿನ ಹೊದಿಕೆ ಕತ್ತರಿಸಿದ್ದರೆ ಹೆಚ್ಚು ಕೊಡಬೇಡಿ.

ಪ್ರಶ್ನೆ: ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಕ್ಯಾಸೆಟ್ಟಿನ ಸುರುಳಿಯಂಚಿನಲ್ಲಿ ಬಿಳಿ ಪುಡಿ ಇದೆ. ಹಾಕಿ ನೋಡಬಹುದೇ?
– ಮಲ್ಲೇಶ್ವರದ ಓದುಗರು

ಉತ್ತರ: ಬೇಡವೇ ಬೇಡ. ಅದು ಬೂಸ್ಟು. ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್‌ಗೆ ಹಾಕಿದರೆ, ಟೇಪ್ ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಸುತ್ತುಗಳು ಅಂಟಿಕೊಂಡಿದ್ದರೆ ಟೇಪ್ ಹರಿದೇ ಹೋಗುತ್ತದೆ. ಮೊದಲು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಣಗಿಸಿ, ಹಸಿ ಬೂಸ್ಟನ್ನು ಉಜ್ಜಿದರೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬಾಲ್ಕನಿಗೆ ಒಯ್ದು, ಮಾಸ್ಕ್ ಹಾಕಿ, ತಳದ 5 ಸ್ಕ್ರೂ ಬಿಚ್ಚಿ. ಟೇಪ್ ಹಾಯುವ ದಾರಿಯ ಫೋಟೋ ತೆಗೆದುಕೊಂಡೇ ಸುರುಳಿ ಎತ್ತಿ. ನೂಲು ಬಿಡದ ಒಣ ಬಟ್ಟೆಯಿಂದ ಸುರುಳಿಯಂಚನ್ನು ಹಗುರಾಗಿ ಒರೆಸಿ, ಟೇಪಿನ ಮೈಗೆ ಬೆರಳು ತಾಗಬಾರದು. ಪ್ಲಾಸ್ಟಿಕ್ ಭಾಗಗಳಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಗೂಡಿಗೆ ಸುರುಳಿ ಕೂರಿಸಿ, ಪೂರ್ತಿ ಮುಂದಕ್ಕೆ ಹಿಂದಕ್ಕೆ ಒಮ್ಮೆ ಸುತ್ತಿಸಿ. ಈ ಕೆಲಸಕ್ಕೆ ಹಳೆಯ ವಿಸಿಆರ್ ಒಂದನ್ನು ಮುಡಿಪಾಗಿಡುವುದು ಜಾಣತನ.

ಅಮೆರಿಕದ ಕ್ಯಾಸೆಟ್ಟಾದರೆ ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ. ಅಲ್ಲಿ ಟೇಪ್ ಸೆಕೆಂಡಿಗೆ 33.35 ಮಿ.ಮೀ. ಓಡುತ್ತದೆ, ನಮ್ಮ ಪದ್ಧತಿಯಾದ ಪಾಲ್‌ನಲ್ಲಿ 23.39 ಮಾತ್ರ. ಪಾಲ್ ಮಾತ್ರ ಓದುವ ಯಂತ್ರದಲ್ಲಿ ಚಿತ್ರ ಉರುಳಾಡುತ್ತದೆ, ದನಿ ಎಳೆಯುತ್ತದೆ. ಟೇಪ್ ಹಾಳಾಗಿದೆಯೆಂದು ಎಸೆಯಬೇಡಿ, ಎರಡನ್ನೂ ಓದುವ ವಿಸಿಆರ್ ಹುಡುಕಿ. ಕಂಪ್ಯೂಟರಿಗೆ ಇಳಿಸುವಾಗ ಚಿತ್ರದ ಅಳತೆ 720×480 ಪಿಕ್ಸೆಲ್ ಇಡಿ; ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದಲ್ಲಾದರೆ ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು.