"ಟೊಮ್ಯಾಟೊ ಕಿತ್ತೆ ಅಂತ ಹೇಳಕ್ಕಾಗಲ್ಲ ಮೇಡಂ"

ನಾನು ಆಪ್ತಸಲಹೆಗಾರ್ತಿ. ಇಲ್ಲಿ ಹೆಸರು, ತಾಲ್ಲೂಕು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಒಪ್ಪಿಗೆ ಪಡೆದೇ ಬರೆಯುತ್ತಿರುವುದು. ಹೊರದೇಶದಲ್ಲಿ ಒಂದು ವರ್ಷ ದುಡಿದು ಊರಿಗೆ ಹೊರಟವರು ವಿಮಾನ ಹತ್ತುವ ಮುಂಚಿನ ವಾರಗಳಲ್ಲಿ ನಿದ್ದೆಗೆಡುವುದು ಹೊಸದಲ್ಲ. ಮನೆಯವರು ಅದನ್ನು ಊರಿಗೆ ಬರುವ ಖುಷಿ ಅಂದುಕೊಂಡಿರುತ್ತಾರೆ.

ಮಂಜು ಅನ್ನೋಣ. ವಯಸ್ಸು 27, ಬಿಇ ಓದಿ ಬೆಂಗಳೂರಿನಲ್ಲಿ ಎರಡು ವರ್ಷ ರಾತ್ರಿ ಪಾಳಿಯ ಸಪೋರ್ಟ್ ಕೆಲಸ. ತಂದೆ ಮೂರೂವರೆ ಎಕರೆಯಲ್ಲಿ ಟೊಮ್ಯಾಟೊ ಬೆಳೆದು ಕೋಲಾರದ ಎಪಿಎಂಸಿಗೆ ಹಾಕುವವರು. ಆಸ್ಟ್ರೇಲಿಯಾ ತನ್ನ ವರ್ಕ್ ಅಂಡ್ ಹಾಲಿಡೇ ವೀಸಾಕ್ಕೆ (ಒಂದು ವರ್ಷ ಸುತ್ತಾಡುತ್ತ ಕೆಲಸವನ್ನೂ ಮಾಡಬಹುದಾದ ವೀಸಾ) ಭಾರತೀಯರಿಂದ ಮೊದಲ ಸಲ ಹೆಸರು ತೆಗೆದುಕೊಂಡದ್ದು 2024ರ ಅಕ್ಟೋಬರ್‌ನಲ್ಲಿ. ವರ್ಷಕ್ಕೆ 1,000 ಜನ, 18ರಿಂದ 30 ವಯಸ್ಸಿನವರು, ಆಯ್ಕೆ ಲಾಟರಿಯಲ್ಲಿ. 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿದ ಮಂಜುವಿನ ಹೆಸರು ಬಂತು. ಅಕ್ಕನ ಸರ ಅಡ ಇಟ್ಟದ್ದೂ ಸೇರಿ 4 ಲಕ್ಷ ಸಾಲ. ಊರಿಗೆಲ್ಲ ಗೊತ್ತಿದ್ದದ್ದು ಒಂದೇ ಮಾತು: "ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿದೆ."

ವೀಸಾ ಮುಗಿಯಲು ಆರು ವಾರ ಇದ್ದಾಗ ಅವರು ವಿಡಿಯೋದಲ್ಲಿ ಮಾತಿಗೆ ಬಂದರು. ನಿದ್ದೆ ಇಲ್ಲ, ಮನೆಯಿಂದ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಎಂಬುದು ದೂರು. ಮೊದಲ ಎರಡು ಭೇಟಿ ಬರೀ ದುಡ್ಡಿನ ಮಾತಿನಲ್ಲೇ ಹೋಯಿತು.

ಅವರ ಚಿಕ್ಕಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದರಂತೆ. ಅಲ್ಲಿಯ ಆಗಿನ ಕನಿಷ್ಠ ಕೂಲಿ ಗಂಟೆಗೆ ಸುಮಾರು 24 ಡಾಲರ್, ದಿನಕ್ಕೆ 8 ಗಂಟೆ, 365 ದಿನ: 70,080 ಡಾಲರ್. ಡಾಲರಿಗೆ 55 ರೂಪಾಯಿ ಹಿಡಿದರೆ 38 ಲಕ್ಷ ದಾಟುತ್ತದೆ. ಗುಣಾಕಾರ ಸರಿಯಾಗಿದೆ, ಅದರಲ್ಲಿರುವ ವರ್ಷವೇ ಸುಳ್ಳು. ವರ್ಕ್ ಅಂಡ್ ಹಾಲಿಡೇ ವೀಸಾದವರಿಗೆ ವರ್ಷವಿಡೀ ದಿನಕ್ಕೆ ಎಂಟು ಗಂಟೆ ಕೆಲಸ ಸಿಗುವುದು ಅಪರೂಪ. ಮಂಜುವಿಗೆ ಮೊದಲ ಏಳು ವಾರ ಏನೂ ಸಿಗಲಿಲ್ಲ. ಆಮೇಲೆ ಕ್ವೀನ್ಸ್‌ಲ್ಯಾಂಡಿನ ಬುಂಡಬರ್ಗ್ ಕಡೆ ಹೊಲದ ಕೆಲಸ. ಮಳೆ ಬಂದ ದಿನ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಕೊನೆಗೆ ಮೆಲ್ಬರ್ನ್‌ನಲ್ಲಿ ಹೋಟೆಲಿನ ಅಡುಗೆಮನೆ. ಅವರ ಪೇ ಸ್ಲಿಪ್‌ಗಳನ್ನು ಎದುರಿಗಿಟ್ಟುಕೊಂಡು, ಬಾಕಿ ವಾರಗಳ ಅಂದಾಜನ್ನೂ ಸೇರಿಸಿ, ಇಡೀ ವರ್ಷದ್ದು ಕೂಡಿಸಿದೆವು. ಒಟ್ಟು ದುಡಿಮೆ 36,400 ಡಾಲರ್. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ 15% ತೆರಿಗೆ: 5,460 ಹೋಯಿತು. ಹಂಚಿಕೊಂಡ ಕೋಣೆಗೆ ವಾರಕ್ಕೆ 230ರಂತೆ 11,960. ಊಟ, ಬಸ್ಸು, ಫೋನು ವಾರಕ್ಕೆ 180ರಂತೆ 9,360. ಉಳಿದದ್ದು 9,620 ಡಾಲರ್, ಸುಮಾರು 5.3 ಲಕ್ಷ. ಸಾಲ ತೀರಿಸಿದರೆ ಕೈಯಲ್ಲಿ 1.3 ಲಕ್ಷ.

ಈ ಲೆಕ್ಕ ಹಾಕಿದ ದಿನ ಅವರು ಹಗುರಾದಂತೆ ಕಂಡರು. ಮುಂದಿನ ಭೇಟಿಗೆ ಹೊಸ ಯೋಜನೆಯೊಂದಿಗೆ ಬಂದರು. ನಿಗದಿತ ಹಳ್ಳಿಗಾಡಿನ ಪ್ರದೇಶದಲ್ಲಿ ಮೂರು ತಿಂಗಳು ಹೊಲದ ಕೆಲಸ ಮಾಡಿದರೆ ಎರಡನೆಯ ವರ್ಷಕ್ಕೆ ಅರ್ಜಿ ಹಾಕಬಹುದು. ಎಲ್ಲರೂ ಎಣಿಸುವುದು 88 ದಿನ ಎಂದು. ಅವರದು 61 ಆಗಿದೆ. ಇನ್ನು 27 ದಿನಕ್ಕೆ ಮತ್ತೆ ಬುಂಡಬರ್ಗ್‌ಗೆ ಹೋಗುತ್ತೇನೆ ಅಂದರು. ತುಂಬಿಸಿದ ಬಕೆಟ್ ಲೆಕ್ಕದ ಬಿಡಿ ಕೂಲಿಗೆ ದುಡಿದ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ, ಮಳೆಯ ದಿನ ಬರುವುದಿಲ್ಲ. ಉಳಿದ ವಾರಗಳಲ್ಲಿ 27 ದಿನ ಕಷ್ಟ, ಆದರೆ ಆಗದ ಮಾತಲ್ಲ.

ಉಳಿಯುವುದೋ ಬರುವುದೋ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಕೇಳಿದ್ದು ಒಂದೇ: "27 ದಿನ ಆಗೇ ಹೋಯ್ತು ಅಂದ್ಕೊಳ್ಳಿ. ಆಗ ಯಾರಿಗೆ ಏನು ಹೇಳೋದು ತಪ್ಪುತ್ತೆ?"

ತುಂಬಾ ಹೊತ್ತು ಸುಮ್ಮನಿದ್ದರು. ಹಿಂದೆ ಪಾತ್ರೆ ತೊಳೆಯುವ ಮೆಷಿನ್ ಓಡುತ್ತಿತ್ತು, ಕೆಲಸದ ಬಿಡುವಿನಲ್ಲಿ ಮಾತಾಡುತ್ತಿದ್ದರು.

"ದುಡ್ಡು ಕಮ್ಮಿ ಆಯ್ತು ಅಂತ ಅಪ್ಪನಿಗೆ ಹೇಳ್ಬೋದು ಮೇಡಂ. ಟೊಮ್ಯಾಟೊ ಕಿತ್ತೆ ಅಂತ ಹೇಳಕ್ಕಾಗಲ್ಲ. ನಮ್ ತೋಟಕ್ಕೆ ಕೀಳಕ್ಕೆ ಬರೋರು ಮನೆ ಒಳಗೆ ಬರಲ್ಲ."

"ಅವರಿಗೆ ಕಾಫಿ ಯಾವುದ್ರಲ್ಲಿ ಕೊಡ್ತೀರಿ?"

"ಈಗ ಪೇಪರ್ ಲೋಟ. ಮೊದ್ಲು ಬೇರೆ ಲೋಟ ಇತ್ತು. ಕೊಟ್ಟಿಗೆ ಗೋಡೆ ಮೇಲೆ ಇಡೋರು."

"ನಿಮಗೆ ಬುಂಡಬರ್ಗ್‌ನಲ್ಲಿ?"

"ಓನರ್ ನಮ್ ಜತೇನೇ ಶೆಡ್‌ನಲ್ಲಿ ಕೂತು ತಿನ್ನೋನು. ಹೆಸರು ಮಾತ್ರ ಕೇಳ್ಲಿಲ್ಲ. ಕೊನೇವರ್ಗೂ ಮೇಟ್, ಮೇಟ್ ಅಂತ." ಸ್ವಲ್ಪ ತಡೆದು ಅಂದರು: "ನಮ್ ತೋಟಕ್ಕೆ ಬರೋರ ಹೆಸರು ನನಗೂ ಗೊತ್ತಿಲ್ಲ. ಅಮ್ಮನಿಗೆ ಗೊತ್ತು."

ಎರಡು ಭೇಟಿ ಪೂರ್ತಿ ನಾನು ತಪ್ಪು ಕಡೆ ಅಗೆಯುತ್ತಿದ್ದೆ ಎಂದು ಆಗ ತಿಳಿಯಿತು. ಸಾಲದ ಲೆಕ್ಕ ಬಿಡಿಸಿದರೆ ನಿದ್ದೆ ಬಂದೀತು ಅಂದುಕೊಂಡಿದ್ದೆ. ನಾಚಿಕೆ ಸಂಪಾದನೆಯದಾಗಿರಲಿಲ್ಲ. ತಾನು ಬೆಳೆದ ಮನೆಯಲ್ಲಿ ಹೊಸಿಲಾಚೆ ನಿಲ್ಲಿಸುವವರ ಕೆಲಸವನ್ನು ತಾನೇ ಮಾಡಿ ಬರುತ್ತಿದ್ದೇನೆ, ಮನೆ ನನ್ನನ್ನು ಎಲ್ಲಿ ನಿಲ್ಲಿಸುತ್ತದೆ ಎಂಬ ಪ್ರಶ್ನೆ ಅದು. ಆ ಹೊಸಿಲಿನಾಚೆ ಯಾವ ಜಾತಿಯವರು ನಿಲ್ಲುತ್ತಾರೆ ಎಂದು ನಮ್ಮ ಜಿಲ್ಲೆಯಲ್ಲಿ ಬಿಡಿಸಿ ಹೇಳಬೇಕಿಲ್ಲ.

ಕೊಟ್ಟ ಸಲಹೆಗೆ ಬರುತ್ತೇನೆ. ಊರಿಗೆ ಬಂದ ಮೇಲೆ ಹೇಳಬೇಡಿ, ಅಲ್ಲಿಂದಲೇ ಹೇಳಿ ಅಂದೆ. ಮೊದಲು ಅಕ್ಕನಿಗೆ, ಯಾಕೆಂದರೆ ಸರ ಅವರದು. ದುಡಿಮೆ, ತೆರಿಗೆ, ಬಾಡಿಗೆ, ಉಳಿಕೆ ನಾಲ್ಕೂ ಅಂಕಿ ಒಂದೇ ಸಲಕ್ಕೆ. ಒಂದು ವಾರ ಬಿಟ್ಟು ಅಪ್ಪನಿಗೆ. ಅಪ್ಪನ ಹತ್ತಿರ ದುಡ್ಡಿನಿಂದ ಶುರು ಮಾಡಬೇಡಿ, ಬೆಳೆಯಿಂದ ಮಾಡಿ ಅಂದೆ. ಎಷ್ಟು ಹಣ್ಣಾದಾಗ ಕೀಳುತ್ತಾರೆ, ಸಾಲಿಗೆ ಎಷ್ಟು ಜನ, ಬಕೆಟ್ ತುಂಬಲು ಎಷ್ಟು ಹೊತ್ತು. ಕೋಲಾರದ ಮಂಡಿಯಲ್ಲಿ ಜೀವಮಾನವೆಲ್ಲ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಕಳೆದವರಿಗೆ ಇದಕ್ಕಿಂತ ಹತ್ತಿರದ ಮಾತಿಲ್ಲ. ಕಾಫಿ ಲೋಟದ ವಿಷಯವನ್ನು ಫೋನಿನಲ್ಲೂ ಎತ್ತಬೇಡಿ, ಬಂದ ಮೊದಲ ತಿಂಗಳಲ್ಲೂ ಎತ್ತಬೇಡಿ ಅಂದೆ.

ಈ ಕೊನೆಯ ಮಾತಿಗೆ ಜತೆಗಾರರೊಬ್ಬರು ತಕರಾರು ತೆಗೆದರು. ಅನ್ಯಾಯ ಕಣ್ಣಿಗೆ ಬಿದ್ದವನನ್ನು ಬಾಯಿ ಮುಚ್ಚಿಸಿದಿರಿ ಅಂದರು. ಇರಬಹುದು. ಆದರೆ ಹೊರದೇಶದಿಂದ ಬಂದ ವಾರವೇ "ಅಲ್ಲಿ ಹಾಗೆ, ಇಲ್ಲಿ ಹೀಗೆ" ಅಂದವರ ಮಾತು ಜಂಬದ ಖಾತೆಗೆ ಹೋಗುತ್ತದೆ, ಆಮೇಲೆ ಹತ್ತು ವರ್ಷ ಅದನ್ನು ಎತ್ತುವಂತಿಲ್ಲ. ಮಾತಿಗಿಂತ ಮೊದಲು ತಾವೇ ತೋಟಕ್ಕಿಳಿದು ನಾಲ್ಕು ದಿನ ಜತೆಯಲ್ಲಿ ಕೀಳಲಿ ಎಂಬುದು ನನ್ನ ಎಣಿಕೆ. ಅದನ್ನು ಅವರಿಗೆ ಹೇಳಿದೆ ಕೂಡ.

ಇನ್ನೊಂದು ತಕರಾರು, ಆಪ್ತಸಲಹೆಗೂ ಪೇ ಸ್ಲಿಪ್ಪಿಗೂ ಏನು ಸಂಬಂಧ ಅಂತ. ಕಾಗದಪತ್ರದ ಕೆಲಸ ಅರ್ಧಕ್ಕೆ ಬಿಟ್ಟು ಬಂದವರಿಗೆ ಆ ವರ್ಷ ಮುಗಿಯುವುದೇ ಇಲ್ಲ. ಆದ್ದರಿಂದ ಹೊರಡುವ ಮುನ್ನ ಆಗಬೇಕಾದ್ದನ್ನು ಬರೆಸಿದೆ. ಎಲ್ಲ ಪೇ ಸ್ಲಿಪ್‌ಗಳ ಪ್ರತಿ ಇಳಿಸಿಕೊಂಡು, ಬಕೆಟ್ ಲೆಕ್ಕದ ವಾರಗಳನ್ನು ಬೇರೆಯಾಗಿ ನೋಡಬೇಕು. 2022ರ ಏಪ್ರಿಲ್ 28ರಿಂದ ಹಣ್ಣು ತರಕಾರಿ ಕೀಳುವವರಿಗೆ ಬಕೆಟ್ ದರ ಎಷ್ಟೇ ಇರಲಿ, ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಕಡಿಮೆ ಬಿದ್ದಿದ್ದರೆ ಅಲ್ಲಿರುವಾಗಲೇ ಕೇಳುವುದು ಸುಲಭ.

ಮಾಲೀಕರು ಸಂಬಳದ ಮೇಲೆ ಕಟ್ಟುವ ನಿವೃತ್ತಿ ನಿಧಿಯೂ ಇದೆ. ಅಲ್ಲಿಯವರು ಸೂಪರ್ ಅನ್ನುತ್ತಾರೆ, 2025ರ ಜುಲೈಯಿಂದ ಅದು 12%. ದೇಶ ಬಿಟ್ಟು ವೀಸಾ ಮುಗಿದ ಮೇಲೆಯೇ ಕೈಗೆ ಬರುವುದು, ಅದೂ 65% ತೆರಿಗೆ ಕಳೆದು. ಮಂಜುವಿನ ಖಾತೆಯ ಸುಮಾರು 4,300 ಡಾಲರಿನಲ್ಲಿ ಬರುವುದು 1,500. ಮೂರು ಕಡೆ ದುಡಿದವರಿಗೆ ಮೂರು ಸೂಪರ್ ಖಾತೆ ಇರಬಹುದು, ಹೊರಡುವ ಮುಂಚೆ ಒಂದಕ್ಕೆ ಸೇರಿಸಬೇಕು. ಬ್ಯಾಂಕ್ ಖಾತೆಯನ್ನು ಆ ಹಣ ಬರುವವರೆಗೆ ಮುಚ್ಚಬಾರದು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮೈಗವ್ ಖಾತೆಯಲ್ಲಿ, ಅಂದರೆ ಅಲ್ಲಿಯ ಸರ್ಕಾರಿ ಸೇವೆಗಳ ಆನ್‌ಲೈನ್ ಖಾತೆಯಲ್ಲಿ: ಒಟಿಪಿ ಅಲ್ಲಿಯ ಸಿಮ್ಮಿಗೆ ಬರುತ್ತದೆ, ಸಿಮ್ ಸತ್ತರೆ ಖಾತೆಗೆ ಬೀಗ. ಅಲ್ಲಿರುವಾಗಲೇ ಕೋಡ್ ಆ್ಯಪ್‌ಗೆ ಬದಲಿಸಿಕೊಳ್ಳಬೇಕು.

ಬಯೋಡೇಟಾದಲ್ಲಿ "ಹಾಸ್ಪಿಟಾಲಿಟಿ ಎಕ್ಸಿಕ್ಯೂಟಿವ್" ಅಂತ ಬರೆದುಕೊಂಡಿದ್ದರು. ಹೊಡೆದು ಹಾಕಿ ಅಂದೆ. ಅಡುಗೆಮನೆ ಸಹಾಯಕ, ಹಣ್ಣು ಕೀಳುವ ಕೆಲಸ, ಎಷ್ಟು ತಿಂಗಳು, ಯಾರ ಕೈಕೆಳಗೆ, ಅಷ್ಟೇ. ಈ ವೀಸಾದಲ್ಲಿ ಸಾಮಾನ್ಯವಾಗಿ ಒಬ್ಬ ಮಾಲೀಕರ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ ಎಂದು ಒಂದು ಸಾಲು ಸೇರಿಸಿದರೆ, ಕೆಲಸ ಯಾಕೆ ಬದಲಿಸಿದಿರಿ ಎಂಬ ಪ್ರಶ್ನೆಯೂ ಏಳುವುದಿಲ್ಲ. ಸುಳ್ಳು ಹುದ್ದೆ ಬರೆದುಕೊಂಡವರು ಸಂದರ್ಶನದಲ್ಲಿ ಸಿಕ್ಕಿಬೀಳುವುದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಸಿಕ್ಕಿಬೀಳುತ್ತಾರೆ.

ಬುಂಡಬರ್ಗ್‌ಗೆ ಅವರು ಮತ್ತೆ ಹೋಗಲಿಲ್ಲ. ಅಕ್ಕ ಎಲ್ಲ ಕೇಳಿ "ಸರ ಯಾವಾಗ ಬಿಡಿಸ್ತೀಯ?" ಅಂದರಂತೆ, ಬೇರೇನೂ ಇಲ್ಲ. ಅಪ್ಪ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ತಾವೇ ಮಾಡಿ ಕೇಳಿದ್ದು: "ಅಲ್ಲಿ ಕಾಯಿ ತೊಟ್ಟಿನ ಸಮೇತ ಕೀಳ್ತಾರಾ, ಬಿಡಿಸಿ ಕೀಳ್ತಾರಾ?"

ಬಂದು ಮೂರು ತಿಂಗಳಾಯಿತು. ಸರ ಅಕ್ಕನ ಕೊರಳಲ್ಲಿದೆ. ತೋಟಕ್ಕೆ ಎರಡು ದಿನ ಇಳಿದರು, ಮೂರನೆಯ ದಿನ ಅಮ್ಮ ಬೇಡ ಅಂದರು, ನಿಂತರು. ಪೇಪರ್ ಲೋಟ ಹಾಗೇ ಇದೆ. ಸೂಪರ್ ಹಣದ ಅರ್ಜಿ ಇನ್ನೂ ಹೋಗಿಲ್ಲ. ಅಷ್ಟು ಹೇಳಿದ್ದರೂ ಮೈಗವ್‌ನಲ್ಲೂ ಹಳೆಯ ಸಿಮ್ ನಂಬರೇ ಉಳಿದುಬಿಟ್ಟಿದೆ.